ಸಿನಿಮಾಗೆ ‘ಅಂತೆ’ ಅನ್ನೋಕೆ ಬರಲ್ಲ: ಹಿಂದುಮುಂದಾದ ಕತೆಯಲ್ಲಿ ಪಾತ್ರದ ಮನಸ್ಸು ಓದುವುದು ಹೇಗೆ

ಬನಶಂಕರಿ ಎರಡನೇ ಹಂತದಲ್ಲಿ ಸುಚಿತ್ರಾ ಇದೆಯಲ್ಲ, 1971ರಲ್ಲಿ ಶುರುವಾದ ಫಿಲ್ಮ್ ಸೊಸೈಟಿ, ಅಲ್ಲಿ ಒಂದು ಭಾನುವಾರ ಸಿನಿಮಾ ನೋಡಿ ನಾವು ನಾಲ್ಕು ಜನ ಹೊರಗೆ ಬಂದೆವು. ಹತ್ತಿರದ ದರ್ಶಿನಿಯಲ್ಲಿ ನಿಂತು ಎರಡು ಬೈಟು ಕಾಫಿ ಹೇಳಿದೆವು. ಕಾಫಿ ಬರುವಷ್ಟರಲ್ಲಿ ಜಗಳ ಶುರು. ಆ ಹೆಂಗಸು ಗಂಡನ ಕಾಗದ ಯಾಕೆ ಸುಟ್ಟಳು? ಒಬ್ಬ ಕೋಪ ಅಂದ. ಗೆಳತಿ ಪ್ರೀತಿ ಅಂದಳು. ಇನ್ನೊಬ್ಬ ‘ಸುಡಲೇ ಇಲ್ಲ ಕಣೋ, ಅದು ಕನಸು’ ಅಂದ. ನಾನು ಭಾರಿ ತಿಳಿದವನ ಹಾಗೆ ‘ಅದು ಓಪನ್ ಎಂಡಿಂಗ್, ನಮಗೆ ಬಿಟ್ಟಿದ್ದು’ ಅಂದೆ. ಗೆಳತಿ ನನ್ನ ಮುಖ ನೋಡಿ, ‘ನಮಗೆ ಬಿಟ್ಟಿದ್ದು ಅಂದರೆ ನೀನು ಸರಿಯಾಗಿ ನೋಡಿಲ್ಲ ಅಂತ’ ಅಂದಳು.

ಕಾಫಿ ಗಂಟಲಲ್ಲೇ ನಿಂತಿತು. ಯಾಕೆಂದರೆ ಅದು ನಿಜ.

ಅವತ್ತಿನಿಂದ ಇಂಥ ಸಿನಿಮಾಗಳನ್ನು ನೋಡುವ ಒಂದು ಕ್ರಮ ರೂಢಿ ಮಾಡಿಕೊಂಡಿದ್ದೇನೆ. ಕಾಲ ಹಿಂದೆ ಮುಂದೆ ಜಿಗಿಯುವ, ಯಾರು ಯಾಕೆ ಏನು ಮಾಡಿದರು ಅಂತ ಬಾಯಿಬಿಟ್ಟು ಹೇಳದ ಸಿನಿಮಾಗಳಿಗೆ ಇದು ಕೆಲಸಕ್ಕೆ ಬರುತ್ತದೆ. ಬೇಕಾಗಿರುವುದು ಒಂದಿಷ್ಟು ಚೀಟಿ, ಒಂದು ಪೆನ್ನು, ಮತ್ತು ಎರಡನೇ ಸಲ ನೋಡುವ ತಾಳ್ಮೆ. ಆ ಮೂರನೆಯದೇ ಕಷ್ಟ.

ಮೊದಲು ಒಂದು ಮಾತು: ‘ಅಂತೆ’

ಕನ್ನಡದಲ್ಲಿ ನಮಗೆ ಒಂದು ಅನುಕೂಲ ಇದೆ. ‘ಅವಳು ಹೋದಳು’ ಅನ್ನುವುದಕ್ಕೂ ‘ಹೋದಳಂತೆ’ ಅನ್ನುವುದಕ್ಕೂ ‘ಹೋಗಿರಬೇಕು’ ಅನ್ನುವುದಕ್ಕೂ ಇರುವ ಫರಕು ಮೂರು ವರ್ಷದ ಮಗುವಿಗೂ ಗೊತ್ತು. ಮೊದಲನೆಯದು ನಡೆದದ್ದು. ಎರಡನೆಯದನ್ನು ಯಾರೋ ಹೇಳಿದರು. ಮೂರನೆಯದು ನನ್ನ ಊಹೆ.

ಕ್ಯಾಮೆರಾಗೆ ಈ ಸೌಲಭ್ಯ ಇಲ್ಲ. ನಡೆದದ್ದು, ಯಾರೋ ಹೇಳಿದ್ದು, ಯಾರೋ ಊಹಿಸಿದ್ದು, ಕನಸು ಕಂಡದ್ದು, ಎಲ್ಲವೂ ಪರದೆ ಮೇಲೆ ಒಂದೇ ಥರ ಕಾಣುತ್ತವೆ. ಅದೇ ನಟಿ, ಅದೇ ಬೆಳಕು, ಅದೇ ಅಡುಗೆಮನೆ. ಸಿನಿಮಾ ಯಾವಾಗಲೂ ‘ಹೋದಳು’ ಅಂತಲೇ ಹೇಳುತ್ತದೆ. ‘ಅಂತೆ’ ಎಲ್ಲಿ ಸೇರಿಸಬೇಕು ಅನ್ನುವುದು ನೋಡುವವರ ಕೆಲಸ. ಗೊಂದಲದಲ್ಲಿ ಮುಕ್ಕಾಲು ಪಾಲು ಇಲ್ಲೇ ಬಗೆಹರಿಯುತ್ತದೆ ಅಂತ ನನಗೆ ಅನ್ನಿಸಿದೆ.

1950ರಲ್ಲಿ ಬಂದ ಎರಡು ಸಿನಿಮಾ ನೋಡಿ. ಜಪಾನಿನ ಅಕಿರಾ ಕುರೊಸಾವಾ ಅವರ ‘ರಾಶೊಮೊನ್’ನಲ್ಲಿ ಒಂದೇ ಸಾವಿನ ಬಗ್ಗೆ ನಾಲ್ಕು ಕತೆ. ಡಕಾಯಿತನದು, ಹೆಂಡತಿಯದು, ಸತ್ತವನೇ ಮೈಮೇಲೆ ಬಂದವಳ ಬಾಯಲ್ಲಿ ಹೇಳುವುದು, ಕೊನೆಗೆ ಕಟ್ಟಿಗೆ ಕಡಿಯುವವನದು. ವಿಚಾರಣೆಯಲ್ಲಿ ಎಲ್ಲರೂ ನೇರ ಕ್ಯಾಮೆರಾ ಕಡೆ ಕೂತು ಮಾತಾಡುತ್ತಾರೆ. ನ್ಯಾಯಾಧೀಶ ಕಾಣುವುದೇ ಇಲ್ಲ, ಅವನ ದನಿಯೂ ಕೇಳುವುದಿಲ್ಲ. ಅಂದರೆ ಆ ಕುರ್ಚಿಯಲ್ಲಿ ನಾವೇ ಕೂತಿದ್ದೇವೆ. ‘ಇದು ಅಂತೆ, ಹುಷಾರು’ ಅಂತ ಸಿನಿಮಾ ಮೊದಲೇ ಹೇಳಿಬಿಟ್ಟಿದೆ. ಅದೇ ವರ್ಷ ಹಿಚ್‌ಕಾಕ್ ‘ಸ್ಟೇಜ್ ಫ್ರೈಟ್’ ಅಂತ ಒಂದು ಮಾಡಿದರು. ಅದರ ಶುರುವಿನ ಫ್ಲ್ಯಾಶ್‌ಬ್ಯಾಕೇ ಸುಳ್ಳು. ಹಾಗಂತ ಗೊತ್ತಾಗುವುದು ಕೊನೆಗೆ. ಜನ ಸಿಟ್ಟಾದರು, ತಾನು ಹಾಗೆ ಮಾಡಬಾರದಿತ್ತು ಅಂತ ಹಿಚ್‌ಕಾಕ್ ಕೂಡ ಆಮೇಲೆ ಒಪ್ಪಿಕೊಂಡರು. ಎರಡರಲ್ಲೂ ಪರದೆ ಸುಳ್ಳು ಹೇಳಿತು. ಒಂದು ಮೊದಲೇ ‘ಅಂತೆ’ ಅಂದಿತ್ತು, ಇನ್ನೊಂದು ಬಚ್ಚಿಟ್ಟಿತ್ತು, ಅಷ್ಟೇ.

ಮೊದಲ ಸಲ: ಸುಮ್ನೆ ನೋಡಿ

ಬರೆದುಕೊಳ್ಳಬೇಡಿ, ಪಾಜ್ ಮಾಡಬೇಡಿ, ಪಕ್ಕದವರನ್ನು ‘ಇವನು ಯಾರು’ ಅಂತ ಕೇಳಬೇಡಿ. ಅರ್ಥ ಆಗದಿದ್ದರೆ ಆಗದೇ ಇರಲಿ. ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳಿ: ನಿಮ್ಮ ಅಭಿಪ್ರಾಯ ಎಲ್ಲಿ ಬದಲಾಯಿತು? ‘ಅಯ್ಯೋ, ಇವಳು ಒಳ್ಳೆಯವಳು ಅಂದುಕೊಂಡಿದ್ದೆನಲ್ಲ’ ಅನ್ನಿಸಿದ ಜಾಗ. ಆ ಜಾಗವನ್ನು ನಿರ್ದೇಶಕರು ಬೇಕೆಂದೇ ಮಾಡಿದ್ದಾರೆ, ಎರಡನೇ ಸಲ ಅಲ್ಲಿಂದಲೇ ಶುರು ಮಾಡಬೇಕು.

ನಮ್ಮೂರಿನಲ್ಲಿ ನೋಡುವಾಗ ಇಂಟರ್‌ವಲ್ ಬಗ್ಗೆ ಸ್ವಲ್ಪ ಹುಷಾರಾಗಿರಿ. ಕನ್ನಡ ಸಿನಿಮಾ ಬರೆಯುವವರು ಇಂಟರ್‌ವಲ್‌ಗೆ ಅಂತಲೇ ಒಂದು ತಿರುವು ಇಟ್ಟಿರುತ್ತಾರೆ, ಅದು ಕತೆಯ ಭಾಗ. ಹೊರದೇಶದ ಸಿನಿಮಾಗಳನ್ನು ಸಾಮಾನ್ಯವಾಗಿ ಇಂಟರ್‌ವಲ್ ಇಟ್ಟುಕೊಂಡು ಬರೆದಿರುವುದಿಲ್ಲ. ಥಿಯೇಟರ್‌ನವರು ನಡುವೆ ಎಲ್ಲೋ ಒಂದು ಕಡೆ ಲೈಟ್ ಹಾಕುತ್ತಾರೆ. ಪಾಪ್‌ಕಾರ್ನ್ ಕೊಂಡು ಬರುವಾಗ ನಿಂತುಹೋದ ದೃಶ್ಯವೇ ತಲೆಯಲ್ಲಿ ಸುತ್ತುತ್ತಾ ಇರುತ್ತದೆ, ಅದಕ್ಕೆ ಇಲ್ಲದ ಮಹತ್ವ ಬಂದುಬಿಡುತ್ತದೆ. ನಾನು ಒಂದು ಬಾಗಿಲು ಮುಚ್ಚುವ ದೃಶ್ಯಕ್ಕೆ ಹೀಗೆ ಒಂದು ವಾರ ಅರ್ಥ ಹುಡುಕಿದ್ದೇನೆ.

ಚೀಟಿ ಕೆಲಸ

ಮನೆಗೆ ಬಂದ ಮೇಲೆ, ಮರೆಯುವ ಮೊದಲು, ಒಂದು ದೃಶ್ಯಕ್ಕೆ ಒಂದು ಚೀಟಿ ಬರೆಯಿರಿ. ಹಳೇ ಮದುವೆ ಕಾರ್ಡ್ ಕತ್ತರಿಸಿದರೆ ಗಟ್ಟಿಯಾಗಿ ಚೆನ್ನಾಗಿರುತ್ತದೆ. ಕಂಡದ್ದನ್ನು ಮಾತ್ರ ಬರೆಯಿರಿ. ‘ಅಕ್ಕ ಕೋಪದಿಂದ ಫೋನ್ ಎತ್ತಲಿಲ್ಲ’ ಅಂತ ಬರೆದರೆ ಕೆಟ್ಟಿತು, ಉತ್ತರವನ್ನು ಪ್ರಶ್ನೆಯೊಳಗೇ ತುರುಕಿದ ಹಾಗೆ. ‘ಅಕ್ಕ ಫೋನ್ ಕಡೆ ನೋಡಿದಳು. ಎತ್ತಲಿಲ್ಲ’ ಅಂತ ಬರೆಯಿರಿ. ಮೂಲೆಯಲ್ಲಿ ತೋರಿಸಿದ ಕ್ರಮದ ನಂಬರ್ ಹಾಕಿ.

ಒಂದು ಸಿನಿಮಾ ಕಲ್ಪಿಸಿಕೊಳ್ಳೋಣ. ಅಭ್ಯಾಸಕ್ಕೆ ನಾನೇ ಕಟ್ಟಿದ ಕತೆ ಇದು, ಎಲ್ಲೂ ಹುಡುಕಬೇಡಿ. ಮಲ್ಲೇಶ್ವರದ ಹಳೇ ಮನೆ, ಅಪ್ಪ ತೀರಿಕೊಂಡಿದ್ದಾರೆ, ಅಕ್ಕ ತಮ್ಮ ಮನೆ ಖಾಲಿ ಮಾಡುತ್ತಿದ್ದಾರೆ. ತೋರಿಸಿದ ಕ್ರಮ ಹೀಗಿದೆ.

ಒಂದು: ಅಕ್ಕ ಅಪ್ಪನ ಕನ್ನಡಕ ತೆಗೆದು ಬ್ಯಾಗಿಗೆ ಹಾಕಿಕೊಳ್ಳುತ್ತಾಳೆ. ತಮ್ಮ ದೂರದಿಂದ ನೋಡುತ್ತಾನೆ, ಮಾತಿಲ್ಲ.
ಎರಡು: ಮಳೆ ರಾತ್ರಿ, ಅಕ್ಕನ ಅಡುಗೆಮನೆ. ಫೋನ್ ಬಡಿದುಕೊಳ್ಳುತ್ತದೆ. ಅವಳು ಅದರ ಕಡೆ ನೋಡುತ್ತಾಳೆ. ಹಾಲು ಉಕ್ಕುತ್ತದೆ. ಎತ್ತುವುದಿಲ್ಲ.
ಮೂರು: ಎಷ್ಟೋ ವರ್ಷದ ಹಿಂದೆ. ತಮ್ಮನ ಎಂಜಿನಿಯರಿಂಗ್ ಸೀಟಿಗೆ ಅಪ್ಪ ದುಡ್ಡು ಎಣಿಸಿ ಕೊಡುತ್ತಾರೆ. ಬಾಗಿಲ ಹಿಂದೆ ಹುಡುಗಿ ಅಕ್ಕ.
ನಾಲ್ಕು: ತಮ್ಮ ಹೆಂಡತಿಗೆ ಹೇಳುತ್ತಾನೆ, ‘ಅವತ್ತು ರಾತ್ರಿ ಅಪ್ಪ ಮೊದಲು ಫೋನ್ ಮಾಡಿದ್ದು ಅಕ್ಕನಿಗೆ. ಅವಳು ಎತ್ತಲಿಲ್ಲ.’
ಐದು: ಆಸ್ಪತ್ರೆ ಕಾರಿಡಾರ್. ಅಕ್ಕ ಆಗಲೇ ಕೂತಿದ್ದಾಳೆ, ಸೀರೆ ಮೇಲೆ ಹಾಲಿನ ಕಲೆ. ತಮ್ಮ ಓಡಿ ಬರುತ್ತಾನೆ.
ಆರು: ಮತ್ತೆ ಅದೇ ಅಡುಗೆಮನೆ. ಈ ಸಲ ಕುಕ್ಕರ್ ಕೂಗುತ್ತಿದೆ, ಫೋನ್ ಪೇಪರ್ ಕೆಳಗೆ ಇದೆ, ಅವಳಿಗೆ ಕೇಳಿಸುವುದಿಲ್ಲ.
ಏಳು: ಅಪ್ಪ ಕತ್ತಲಲ್ಲಿ ಫೋನ್ ಹಿಡಿದು ಕೂತಿದ್ದಾರೆ. ನಂಬರ್ ಒತ್ತುತ್ತಾರೆ. ಸ್ವಲ್ಪ ಕಾದು, ತಾವೇ ಇಟ್ಟುಬಿಡುತ್ತಾರೆ. ಮುಗಿಯಿತು.

ಈಗ ಚೀಟಿಗಳನ್ನು ನಡೆದ ಕ್ರಮದಲ್ಲಿ ಜೋಡಿಸಿ: ಮೂರು, ಆಮೇಲೆ ಆ ರಾತ್ರಿಯ ಏಳು, ಎರಡು ಅಥವಾ ಆರು, ಆಮೇಲೆ ಐದು, ನಂತರ ಒಂದು, ನಾಲ್ಕು. ಅಲ್ಲೇ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಸೀಟಿನ ದುಡ್ಡಿಗೂ ಆ ರಾತ್ರಿಗೂ ನಡುವೆ ಎಷ್ಟೋ ವರ್ಷ ಇದೆ. ಪರದೆ ಮೇಲೆ ಎರಡೂ ಪಕ್ಕಪಕ್ಕ ಬಂದಿದ್ದರಿಂದ ನಮಗೆ ‘ಓ, ಅದಕ್ಕೇ ಎತ್ತಲಿಲ್ಲ’ ಅನ್ನಿಸಿತ್ತು. ‘ಆಮೇಲೆ’ ಅನ್ನುವುದನ್ನು ನಮ್ಮ ತಲೆ ತಾನಾಗಿಯೇ ‘ಅದಕ್ಕೇ’ ಅಂತ ಮಾಡಿಕೊಳ್ಳುತ್ತದೆ. ಇದು ಹಳೇ ಆಟ. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲ ಪಕ್ಕ, ಒಮ್ಮೆ ಶವಪೆಟ್ಟಿಗೆ ಪಕ್ಕ, ಒಮ್ಮೆ ಹೆಣ್ಣಿನ ಪಕ್ಕ ಅಂಟಿಸಿ ತೋರಿಸಿದನಂತೆ. ಜನ ಒಂದರಲ್ಲಿ ಹಸಿವು, ಒಂದರಲ್ಲಿ ದುಃಖ, ಒಂದರಲ್ಲಿ ಆಸೆ ಕಂಡರಂತೆ. ಮುಖ ಬದಲಾಗಿರಲಿಲ್ಲ. ಪಾತ್ರದ ಉದ್ದೇಶ ಅಂತ ನಾವು ಓದುವುದರಲ್ಲಿ ಎಷ್ಟು ಪಾಲು ನಟಿಯ ಮುಖದಲ್ಲಿದೆ, ಎಷ್ಟು ಪಕ್ಕದ ಶಾಟಿನಲ್ಲಿದೆ ಅಂತ ಬೇರೆ ಮಾಡಿ ನೋಡಬೇಕು.

ಕಾಲ ಗೊತ್ತಾಗದಿದ್ದರೆ

ಬೆಂಗಳೂರಿನಲ್ಲಿ ತೆಗೆದ ಸಿನಿಮಾ ಆದರೆ ಊರೇ ಹೇಳುತ್ತದೆ. ಎಂ.ಜಿ. ರಸ್ತೆ ಮೇಲೆ ಮೆಟ್ರೊ ಓಡುತ್ತಿದ್ದರೆ ಅದು 2011ರ ಅಕ್ಟೋಬರ್ ಆದ ಮೇಲಿನ ಕತೆ. ಕೈಯಲ್ಲಿ ಹಳೇ ಐನೂರರ ನೋಟಿದ್ದು ಅಂಗಡಿಯವನು ಆರಾಮಾಗಿ ತಗೊಂಡರೆ 2016ರ ನವೆಂಬರ್‌ಗೆ ಮುಂಚೆ. ಬಸ್ಸಿನ ಮೇಲೆ ಬಿ.ಟಿ.ಎಸ್ (ಬಿಎಂಟಿಸಿ ಬರುವ ಮೊದಲಿನ ಹೆಸರು) ಅಂತ ಇದ್ದರೆ ಇನ್ನೂ ಹಿಂದಕ್ಕೆ ಹೋಗಿ. ಮನೆಯೊಳಗಿನ ದೃಶ್ಯವಾದರೆ ಕ್ಯಾಲೆಂಡರ್, ಟಿವಿಯ ಬೆನ್ನು ಎಷ್ಟು ದಪ್ಪ ಅನ್ನುವುದು, ಮಗುವಿನ ಎತ್ತರ.

ಅದಕ್ಕಿಂತ ಒಳ್ಳೇ ಸುಳಿವು ಮಾತಿನಲ್ಲಿದೆ. ಗಂಡ ಹೆಂಡತಿ ಒಂದು ದೃಶ್ಯದಲ್ಲಿ ‘ನೀವು’, ಇನ್ನೊಂದರಲ್ಲಿ ‘ನೀನು’ ಅಂದರೆ ಕಿವಿ ನೆಟ್ಟಗೆ ಮಾಡಿಕೊಳ್ಳಿ. ನಡುವೆ ಏನೋ ಆಗಿದೆ. ‘ನೀನು’ ಇದ್ದದ್ದು ಮತ್ತೆ ‘ನೀವು’ ಆದರಂತೂ ಜಾಸ್ತಿಯೇ ಆಗಿದೆ. ಇಂಗ್ಲಿಷ್ ಸಬ್‌ಟೈಟಲ್ ಓದಿಕೊಂಡು ನೋಡುವವರಿಗೆ ಇದು ಸಿಗುವುದೇ ಇಲ್ಲ. ಹಾಗೆಯೇ ಜಪಾನಿ, ಕೊರಿಯನ್ ಸಿನಿಮಾ ನೋಡುವಾಗ ನಮಗೂ ಇಂಥದ್ದು ಎಷ್ಟು ತಪ್ಪಿಹೋಗುತ್ತದೋ ಅಂತ ಒಮ್ಮೊಮ್ಮೆ ಹೊಟ್ಟೆ ಉರಿಯುತ್ತದೆ.

ಕೆಲವು ಸಿನಿಮಾಗಳು ತಮ್ಮದೇ ನಿಯಮ ಇಟ್ಟುಕೊಂಡಿರುತ್ತವೆ. ‘ಮೆಮೆಂಟೊ’ದಲ್ಲಿ (2000) ಬಣ್ಣದ ದೃಶ್ಯಗಳು ಹಿಂದಕ್ಕೆ, ಕಪ್ಪು ಬಿಳುಪಿನವು ಮುಂದಕ್ಕೆ ಸಾಗಿ ಕೊನೆಗೆ ಒಂದು ಕಡೆ ಸೇರುತ್ತವೆ. ನಮ್ಮ ‘ಲೂಸಿಯಾ’ದಲ್ಲೂ (2013) ಎರಡು ಬದುಕು, ಒಂದು ಬಣ್ಣದಲ್ಲಿ, ಒಂದು ಕಪ್ಪು ಬಿಳುಪಿನಲ್ಲಿ. ಅಲ್ಲಿ ಬಣ್ಣ ಹೇಳುವುದು ಕಾಲವನ್ನಲ್ಲ, ಯಾವ ಬದುಕು ಅನ್ನುವುದನ್ನು. ಒಂದು ಸಿನಿಮಾದಲ್ಲಿ ಕಲಿತ ನಿಯಮವನ್ನು ಇನ್ನೊಂದಕ್ಕೆ ಹಚ್ಚಲು ಹೋಗಬೇಡಿ.

ಮತ್ತೆ, ಎಲ್ಲವೂ ಸುಳಿವಲ್ಲ. ಲೋಟ ಒಂದು ಶಾಟಿನಲ್ಲಿ ಎಡಗೈಯಲ್ಲಿದ್ದು ಇನ್ನೊಂದರಲ್ಲಿ ಬಲಗೈಗೆ ಬಂದರೆ ಅದು ಸೆಟ್‌ನಲ್ಲಿ ಯಾರೋ ಮರೆತದ್ದೇ ಇರಬಹುದು. ಕ್ಯಾಮೆರಾ ಆ ವಸ್ತುವಿನ ಮೇಲೆ ಬೇಕೆಂದೇ ನಿಂತಿತ್ತೇ, ಅದು ಇನ್ನೊಮ್ಮೆ ಬಂತೇ ಅಂತ ನೋಡಿ. ಎರಡೂ ಇಲ್ಲದಿದ್ದರೆ ಬಿಟ್ಟುಬಿಡಿ.

ಈ ದೃಶ್ಯ ಯಾರದು?

ಇದೇ ಮುಖ್ಯ ಹೆಜ್ಜೆ, ನಿಧಾನವಾಗಿ ಮಾಡಿ. ಪ್ರತಿ ಚೀಟಿ ಹಿಡಿದು ಕೇಳಿ: ಇಲ್ಲಿ ಯಾರಿದ್ದರು? ಇದು ಯಾರಿಗೆ ಗೊತ್ತಿರಲು ಸಾಧ್ಯ? ಇದರ ಹಿಂದಿನ ಶಾಟಿನಲ್ಲಿ ಯಾರ ಮುಖ ಇತ್ತು?

ನಮ್ಮ ಎರಡನೇ ಚೀಟಿ ನೋಡಿ. ಅಡುಗೆಮನೆಯಲ್ಲಿ ಅಕ್ಕ ಒಬ್ಬಳೇ. ಆದರೆ ಆ ದೃಶ್ಯ ಬಂದದ್ದು ತಮ್ಮನ ಮುಖ ಆದ ತಕ್ಷಣ. ಅವನು ಅಲ್ಲಿ ಇರಲಿಲ್ಲ. ಹಾಗಾದರೆ ಇದು ‘ಎತ್ತಲಿಲ್ಲ’ ಅಲ್ಲ, ತಮ್ಮನ ತಲೆಯ ‘ನೋಡಿಯೂ ಎತ್ತದೇ ಇದ್ದಿರಬೇಕು’. ಆರನೆಯದು ಆಸ್ಪತ್ರೆಯಲ್ಲಿ ಅಕ್ಕನ ಮುಖ ಆದ ಮೇಲೆ ಬರುತ್ತದೆ. ಅದು ಅವಳ ‘ಕೇಳಿಸಲಿಲ್ಲವಂತೆ’. ಅವಳು ಇನ್ನೊಬ್ಬರಿಗೆ ಹೇಳುವುದೋ, ತನಗೆ ತಾನೇ ಹೇಳಿಕೊಳ್ಳುವುದೋ ಗೊತ್ತಿಲ್ಲ. ಐದನೆಯದು ಮಾತ್ರ ಯಾರ ಮುಖಕ್ಕೂ ಅಂಟಿಕೊಂಡಿಲ್ಲ, ಅಲ್ಲಿ ಇಬ್ಬರೂ ಇದ್ದಾರೆ. ಅದನ್ನು ಸದ್ಯಕ್ಕೆ ‘ನಡೆಯಿತು’ ಅಂತ ಇಟ್ಟುಕೊಳ್ಳಬಹುದು.

ಈಗ ಗಟ್ಟಿ ಚೀಟಿಯಿಂದ ಸಡಿಲ ಚೀಟಿಗಳನ್ನು ಅಳೆಯಿರಿ. ಸೀರೆ ಮೇಲೆ ಹಾಲಿನ ಕಲೆ ಇದೆ. ಅಂದರೆ ಹಾಲು ಉಕ್ಕಿದ್ದು ನಿಜ, ಆರನೆಯದರ ಕುಕ್ಕರ್ ಅನುಮಾನ. ಹಾಗಂತ ತಮ್ಮ ಗೆದ್ದ ಅಂತಲ್ಲ, ಹಾಲಿನ ಕಲೆಯನ್ನು ಅವನೂ ಕಾರಿಡಾರ್‌ನಲ್ಲಿ ನೋಡಿದ್ದಾನೆ, ಆ ಕಲೆಯಿಂದಲೇ ಅವನು ಎರಡನೇ ದೃಶ್ಯ ಕಟ್ಟಿಕೊಂಡಿರಬಹುದು. ಇನ್ನೊಂದು ವಿಷಯ ನೋಡಿ: ಅಕ್ಕ ಅವನಿಗಿಂತ ಮೊದಲು ಆಸ್ಪತ್ರೆಗೆ ಬಂದಿದ್ದಾಳೆ. ಫೋನನ್ನೇ ಎತ್ತದವಳಿಗೆ ವಿಷಯ ತಿಳಿದದ್ದು ಹೇಗೆ? ತಮ್ಮನ ಕತೆಯಲ್ಲಿ ಇದಕ್ಕೆ ಉತ್ತರ ಇಲ್ಲ, ಅವನು ಆ ಪ್ರಶ್ನೆ ಕೇಳಿಕೊಂಡೂ ಇಲ್ಲ. ನನಗೆ ಅವನ ಮೇಲೆ ಅನುಮಾನ ಶುರುವಾಗುವುದು ಇಲ್ಲಿ.

ಸಾಕ್ಷಿ ಹೇಳುವವರ ಲಾಭ ಏನು ಅಂತಲೂ ನೋಡಬೇಕು. ‘ರಾಶೊಮೊನ್’ನಲ್ಲಿ ಕಟ್ಟಿಗೆಯವನ ಕತೆ ಕೊನೆಗೆ ಬರುವುದರಿಂದ ಅದೇ ಸತ್ಯ ಅಂತ ಎಷ್ಟೋ ಜನ ಎದ್ದು ಬರುತ್ತಾರೆ. ಅವನು ಕಠಾರಿ ಕದ್ದಿದ್ದಾನೆ ಅನ್ನುವ ಆರೋಪ ಅದೇ ಸಿನಿಮಾದಲ್ಲಿದೆ! ಕೊನೆಗೆ ಮಾತಾಡಿದವರು ನಿಜ ಹೇಳಿದರು ಅಂತ ಯಾರು ಹೇಳಿದ್ದು?

ಉದ್ದೇಶಕ್ಕೆ ಬನ್ನಿ

ಇಲ್ಲಿಗೆ ಬರುವ ಹೊತ್ತಿಗೆ ‘ಅವಳು ಯಾಕೆ ಎತ್ತಲಿಲ್ಲ’ ಅನ್ನುವ ಪ್ರಶ್ನೆ ಸ್ವಲ್ಪ ಬೇರೆ ಆಗಿರುತ್ತದೆ. ಎತ್ತಲಿಲ್ಲ ಅನ್ನುವುದೇ ಖಚಿತ ಇಲ್ಲ, ಅಲ್ವಾ. ಆದರೂ ಮೂರು ಓದು ಬರೆದುಕೊಳ್ಳಿ, ಎರಡಲ್ಲ. ಎರಡೇ ಇದ್ದರೆ ಅದು ‘ತಪ್ಪಿತಸ್ಥಳೋ ಅಲ್ಲವೋ’ ಅಂತ ಕೋರ್ಟ್ ಆಗಿಬಿಡುತ್ತದೆ. ಮೊದಲನೆಯದು, ಹಳೇ ಕೋಪ. ಎರಡನೆಯದು, ಕೇಳಿಸಲಿಲ್ಲ. ಮೂರನೆಯದು ನಾನು ಇಷ್ಟಪಡುವುದು: ನೋಡಿದಳು, ‘ಹಾಲು ಇಳಿಸಿ ಮಾಡೋಣ’ ಅಂದುಕೊಂಡಳು, ಇಳಿಸುವಷ್ಟರಲ್ಲಿ ಉಕ್ಕಿತು, ಒರೆಸಿ ವಾಪಸ್ ಮಾಡಿದಳು, ಆ ಕಡೆ ಯಾರೂ ಎತ್ತಲಿಲ್ಲ, ಗಾಬರಿಯಾಗಿ ಹೊರಟಳು. ಎರಡು ನಿಮಿಷದ ವಿಷಯ. ಆದ ಅನಾಹುತ ದೊಡ್ಡದು ಅಂತ ಅದರ ಹಿಂದಿನ ಕಾರಣವೂ ಅಷ್ಟೇ ದೊಡ್ಡದಿರಬೇಕು ಅಂದುಕೊಳ್ಳುತ್ತೇವೆ. ಮನೆಗಳಲ್ಲಿ ಹಾಗೆ ನಡೆಯುವುದಿಲ್ಲ.

ಪ್ರತಿ ಓದಿಗೂ ಒಂದೇ ಪರೀಕ್ಷೆ: ಇದು ನಿಜವಾದರೆ ಯಾವ ದೃಶ್ಯ ದಂಡವಾಗುತ್ತದೆ? ಕೋಪ ಅಂದರೆ ಕನ್ನಡಕ ಬ್ಯಾಗಿಗೆ ಹಾಕಿಕೊಂಡದ್ದಕ್ಕೆ ಬೇರೆ ಕಾರಣ ಹುಡುಕಬೇಕು. ಕೇಳಿಸಲೇ ಇಲ್ಲ ಅಂದರೆ ಸೀರೆಯ ಕಲೆ ದಂಡ, ಅವಳು ಮೊದಲು ಬಂದದ್ದಕ್ಕೂ ಕಾರಣ ಸಿಗುವುದಿಲ್ಲ. ಎರಡು ನಿಮಿಷ ಅಂದರೆ ಕಲೆ, ಮೊದಲು ಬಂದದ್ದು, ಕನ್ನಡಕ ಮೂರೂ ಕೂರುತ್ತವೆ. ಆದರೆ ಅವಳು ಇದನ್ನು ತಮ್ಮನಿಗೆ ಯಾಕೆ ಹೇಳಲಿಲ್ಲ, ಯಾಕೆ ಕುಕ್ಕರ್ ಕತೆ ಕಟ್ಟಿಕೊಂಡಳು ಅನ್ನುವುದು ಉಳಿಯುತ್ತದೆ. ಅದಕ್ಕೆ ನನ್ನ ಉತ್ತರ: ಆ ಎರಡು ನಿಮಿಷವನ್ನು ಅವಳೇ ಕ್ಷಮಿಸಿಕೊಂಡಿಲ್ಲ. ಈಗ ಮೂರನೇ ಚೀಟಿಗೂ ಕೆಲಸ ಸಿಕ್ಕಿತು ನೋಡಿ. ಸೀಟಿನ ದುಡ್ಡಿನ ನೆನಪು ಅವಳ ಕೋಪದ್ದೇ ಆಗಬೇಕಿಲ್ಲ, ಆ ದುಡ್ಡು ತಿಂದ ತಮ್ಮನ ಅಪರಾಧಿ ಭಾವದ್ದೂ ಆಗಬಹುದು. ಅವಳು ಕೋಪದಲ್ಲಿರಬೇಕು ಅಂತ ಅವನಿಗೆ ಅನ್ನಿಸುವುದು ಅದಕ್ಕೇ.

ಈ ಕಸರತ್ತು ನಮಗೇನೂ ಹೊಸದಲ್ಲ. ತಾಳಮದ್ದಳೆಯಲ್ಲಿ ಬಣ್ಣ ಇಲ್ಲ, ಕುಣಿತ ಇಲ್ಲ, ಅರ್ಥಧಾರಿಗಳು ಕೂತು ಪಾತ್ರದ ಪರವಾಗಿ ವಾದ ಮಾಡುತ್ತಾರೆ. ಮರದ ಮರೆಯಿಂದ ಯಾಕೆ ಬಾಣ ಬಿಟ್ಟೆ ಅಂತ ವಾಲಿ ಕೇಳಿದರೆ ರಾಮ ಉತ್ತರ ಕೊಡಲೇಬೇಕು. ಕತೆ ಎಲ್ಲರಿಗೂ ಗೊತ್ತು, ಪದ್ಯ ಅದೇ, ಆದರೆ ಇವತ್ತಿನ ವಾಲಿಯ ಮನಸ್ಸು ನಾಳೆಯ ವಾಲಿಯದಲ್ಲ. ಒಂದು ನಿಯಮ ಮಾತ್ರ ಇದೆ, ಪದ್ಯ ಬಿಟ್ಟು ಹೋಗುವ ಹಾಗಿಲ್ಲ. ಸಿನಿಮಾದಲ್ಲಿ ನಮ್ಮ ಪದ್ಯ ಅಂದರೆ ಆ ಚೀಟಿಗಳು.

ಬಗೆಹರಿಯದ ದೃಶ್ಯ

ಏಳನೇ ಚೀಟಿ ಉಳಿದಿದೆ. ಅಪ್ಪ ಒಬ್ಬರೇ, ಅವರು ಈಗ ಇಲ್ಲ, ನೋಡಿದವರು ಯಾರೂ ಇಲ್ಲ. ಅಕ್ಕನ ಸಮಾಧಾನದ ಕಲ್ಪನೆಯೇ? ತಮ್ಮ ಕೊನೆಗೆ ಮನಸ್ಸು ಬದಲಿಸಿದನೇ? ಅಥವಾ ಸಿನಿಮಾ ತಾನೇ ನಮಗೆ ಮಾತ್ರ ತೋರಿಸಿದ ನಿಜವೇ? ಚೀಟಿಗಳಿಂದ ಇದನ್ನು ತೀರ್ಮಾನ ಮಾಡಲು ಆಗುವುದಿಲ್ಲ. ಆಗ ‘ಇದು ತೀರ್ಮಾನ ಆಗುವುದಿಲ್ಲ, ಯಾಕೆಂದರೆ ಹೇಳಬಲ್ಲವರು ಸತ್ತಿದ್ದಾರೆ’ ಅಂತ ಬರೆಯಿರಿ. ನಾನು ದರ್ಶಿನಿಯಲ್ಲಿ ಹೇಳಿದ ‘ನಮಗೆ ಬಿಟ್ಟಿದ್ದು’ ಅನ್ನುವುದಕ್ಕೂ ಇದಕ್ಕೂ ಏಳು ಚೀಟಿಯಷ್ಟು ದೂರ ಇದೆ.

ನಿರ್ದೇಶಕರ ಸಂದರ್ಶನ ಇಷ್ಟೆಲ್ಲ ಆದ ಮೇಲೆ ನೋಡಿ, ಮೊದಲೇ ನೋಡಬೇಡಿ. ‘ರಾಶೊಮೊನ್’ ಶೂಟಿಂಗ್ ಶುರುವಾಗುವ ಮೊದಲು ಮೂವರು ಸಹಾಯಕ ನಿರ್ದೇಶಕರು ಬಂದು ಸ್ಕ್ರಿಪ್ಟ್ ಅರ್ಥವಾಗುತ್ತಿಲ್ಲ ಅಂದರು ಅಂತ ಕುರೊಸಾವಾ ತಮ್ಮ ಆತ್ಮಕತೆಯಲ್ಲಿ ಬರೆದಿದ್ದಾರೆ. ಮನುಷ್ಯರು ತಮ್ಮ ಬಗ್ಗೆ ತಮಗೇ ನಿಜ ಹೇಳಿಕೊಳ್ಳಲಾರರು ಅನ್ನುವ ಥರದ ಉತ್ತರ ಕೊಟ್ಟರು. ಕೊಂದವರು ಯಾರು ಅಂತ ಹೇಳಲಿಲ್ಲ.

ಶುರು ಮಾಡಲು ಕನ್ನಡದಲ್ಲೇ ಒಂದು ಬೇಕು ಅಂದರೆ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ತಗೊಳ್ಳಿ. ಮಲ್ಪೆ ಕಡೆಯ ಕತೆ, ಒಂದೇ ಘಟನೆಯ ಸುತ್ತ ಬೇರೆ ಬೇರೆಯವರು ಹೇಳಿದ್ದನ್ನು ಒಬ್ಬ ಪತ್ರಕರ್ತೆ ಕಲೆಹಾಕುತ್ತಾಳೆ. ಹೆಸರನ್ನೇ ಮೊದಲ ಚೀಟಿ ಮಾಡಿ. ‘ಉಳಿದವರು’ ಅಂದರೆ ಮಿಕ್ಕವರೋ, ಬದುಕಿ ಉಳಿದವರೋ? ‘ಕಂಡಂತೆ’ ಅನ್ನುವುದರ ಕೊನೆಯಲ್ಲಿ ‘ಅಂತೆ’ ಬೇರೆ ಕೂತಿದೆ. ಎರಡು ರಾತ್ರಿ ಇಟ್ಟುಕೊಳ್ಳಿ, ಒಂದು ಬರೀ ನೋಡಲು, ಇನ್ನೊಂದು ಚೀಟಿ ಹಿಡಿದು ಕೂರಲು. ಎರಡನೇ ರಾತ್ರಿ ಫ್ಯಾನ್ ಆಫ್ ಮಾಡುವುದು ಮರೆಯಬೇಡಿ, ನನ್ನ ಮೊದಲ ಜೋಡಣೆ ಪೂರ್ತಿ ಸೋಫಾ ಕೆಳಗೆ ಹಾರಿಹೋಗಿತ್ತು.